ಶ್ರಮದಾನದ ಮೂರನೇ ತಂಡ

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾನು ಫೀಲ್ಡ್‌ಮನ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಹಾವೇರಿಯಿಂದ ಬಂದು ಸೇರಿಕೊಂಡವನು, ನಿವೃತ್ತಿಯಾಗುವವರೆಗೆ ಅಲ್ಲೇ ಇದ್ದೆ. ಮೊದಲ ಆರು ವರ್ಷ ಹಂಗಾಮಿ ನೌಕರಿ. ಏಳನೇ ವರ್ಷ ಖಾಯಂ ಆಯಿತು. ಹೇಗೆ ಆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ನನ್ನ ಹೆಸರನ್ನು ಹಾಕಬಹುದಿತ್ತು, ಆದರೆ ಅದನ್ನು ಓದಿದವರಿಗೆ ಉಳಿದವರು ಯಾರೆಂಬುದೂ ಗೊತ್ತಾಗುತ್ತದೆ, ಅವರ ತಪ್ಪೇನೂ ಇಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲ ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಆಗಸ್ಟ್ ಕೊನೆಗೆ ನಮ್ಮ ಕಂಪನಿಯ ಮುಖ್ಯ ಕಚೇರಿಯಿಂದ ಒಂದು ಪತ್ರ ಬಂತು. ಪ್ರತಿ ಶಾಖೆಯ ನೌಕರರೂ ವರ್ಷಕ್ಕೊಂದು ದಿನ ಒಟ್ಟಾಗಿ ಊರಿಗೆ ಉಪಯೋಗವಾಗುವ ಒಂದು ಕೆಲಸ ಮಾಡಬೇಕು, ಫೋಟೊ ಕಳಿಸಬೇಕು ಎಂದಿತ್ತು. ನಮ್ಮ ಮ್ಯಾನೇಜರ್ ಸಾಹೇಬರು ಅದನ್ನು ಎರಡು ಸಲ ಓದಿ, ಗಾಂಧಿ ಜಯಂತಿಯ ರಜೆಯ ದಿನ ಶ್ರಮದಾನ ಮಾಡೋಣ ಎಂದು ತೀರ್ಮಾನಿಸಿದರು. ಏರ್ಪಾಡು ಮಾಡುವ ಕೆಲಸವನ್ನು ನನಗೆ ಒಪ್ಪಿಸಿದರು.

"ನಿಮಗ ಎಲ್ಲಾ ಹಳ್ಳಿ ಗೊತ್ತವ. ಎಲ್ಲಿ, ಏನು, ಯಾರು ಏನ್ ಮಾಡಬೇಕು, ಎಲ್ಲಾ ಬರ್ಕೊಂಡು ಬರ್ರಿ. ನನಗ ಗದ್ದಲ ಬ್ಯಾಡ," ಎಂದರು.

ಮರುದಿನ ಸಂಜೆ ಗೋದಾಮಿನಲ್ಲಿ ಎಲ್ಲರನ್ನೂ ಕೂಡಿಸಿದೆ. ಬೀಜದ ಚೀಲಗಳ ಮೇಲೆ ಕುಳಿತು ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರು ಬಸ್ ಸ್ಟ್ಯಾಂಡ್ ಗುಡಿಸೋಣ ಎಂದರು. "ನಾವು ಗುಡಿಸಿ ಮುಗಿಸೂದ್ರಾಗ ಶುರು ಮಾಡಿದ ಕಡೆ ಮತ್ತ ಹೊಲಸ ಆಗಿರ್ತೈತಿ," ಎಂದು ಇನ್ನೊಬ್ಬರು ನಕ್ಕರು. ದೇವರಗುಡ್ಡದ ಮೆಟ್ಟಿಲು ತೊಳೆಯೋಣ ಎಂದ ಮಾತೂ ಬಂತು. ಆಫೀಸಿನ ಗುಮಾಸ್ತರೊಬ್ಬರು ತಮಗೆ ಬಿಸಿಲು ಆಗುವುದಿಲ್ಲ, ನೆರಳಿರುವ ಕಡೆ ಸೇವೆ ಇಟ್ಟರೆ ಒಳ್ಳೆಯದು ಎಂದರು.

"ನೆರಳಾಗ ಕುಂತು ಮಾಡೂ ಸೇವೆ ಅಂದ್ರ ಊಟ ಒಂದ ನೋಡ್ರಿ ಸರ," ಎಂದ ಕರ್ಜಗಿಯವನು. ಎಲ್ಲರೂ ನಕ್ಕರು.

ಈ ಕರ್ಜಗಿಯವನ ಬಗ್ಗೆ ಹೇಳಬೇಕು. ಹೊಲದಲ್ಲಿ ಬೆರಕೆ ಕೀಳುವ ಆಳುಗಳ ಮುಖ್ಯಸ್ಥ ಅವನು. ಬೀಜಕ್ಕೆಂದು ಬೆಳೆದ ಬೆಳೆಯಲ್ಲಿ ಬೇರೆ ಜಾತಿಯ ಗಿಡ ಒಂದೂ ಇರಬಾರದು. ಸಾಲು ಸಾಲಾಗಿ ನಡೆಯುತ್ತ, ಎಲೆಯ ಬಣ್ಣ, ಗಿಡದ ನಿಲುವು ನೋಡಿ, ಬೇರೆಯಾಗಿ ಕಂಡದ್ದನ್ನು ಕಿತ್ತು ಹಾಕುವುದು ಇವರ ಕೆಲಸ. ಕೀಳುವುದಕ್ಕೂ ಒಂದು ಕ್ರಮವಿತ್ತು. ಬೇರು ಸಮೇತ ಎಳೆದು, ಮಣ್ಣು ಜಾಡಿಸಿ, ಮತ್ತೆ ಚಿಗುರದಂತೆ ಕಾಂಡವನ್ನು ನಡುವೆ ಮುರಿದು, ಹೊಲದ ಹೊರಗೆ ಒಯ್ದು ಗುಂಡಿಗೆ ಹಾಕುವುದು. ಇವನ ಕಣ್ಣು ತಪ್ಪಿಸಿದ ಬೆರಕೆ ಗಿಡವನ್ನು ನಾನು ನೋಡಿಲ್ಲ.

ಅವನು ಆ ದಿನ ನಿಜವಾಗಿ ಒಂದು ಮಾತು ಕೇಳಿದ. "ಸರ, ನಮ್ಮೂರ ಶಾಲಿ ಹಂಚು ಹೋಗ್ಯಾವ್ರಿ. ಮಳಿ ಬಂದ್ರ ಹುಡುಗ್ರನ್ನ ಗುಡಿಯಾಗ ಕುಂದರಸ್ತಾರ. ಮೂವತ್ತು ಮಂದಿ ಬಂದ್ರ ಒಂದ ದಿನದಾಗ ಆಕ್ಕೈತಿ. ಹಂಚು ಊರವ್ರ ಕೊಡ್ತಾರ, ನಾ ಮಾತಾಡೇನಿ."

ಮಾಡಬೇಕಾದ ಕೆಲಸ ಅದೇ ಆಗಿತ್ತು. ನಾನು ನೋಡೋಣ ಎಂದೆ. ಆದರೆ ಒಂದೆರಡು ವಾರದೊಳಗೆ ಬೇರೆ ಶಾಲೆಯೊಂದು ನಡುವೆ ಬಂತು.

ಬ್ಯಾಡಗಿಯಿಂದ ಆಚೆ ಒಂದು ಹಳ್ಳಿಯಲ್ಲಿ ಕಂಪನಿಯ ಹೊಸ ಮೆಣಸಿನಕಾಯಿಯ ಬೀಜದ ಹೊಲ ಇತ್ತು. ಹೊಲ ಆರಿಸಿದವನು ನಾನು. ಅಂಥ ಹೊಲದ ಸುತ್ತ ಇನ್ನೂರು ಮೀಟರಿನೊಳಗೆ ಬೇರೆ ಯಾವ ಮೆಣಸಿನ ಗಿಡವೂ ಇರಬಾರದು. ಇದ್ದರೆ ಜೇನುನೊಣ ಆ ಹೂವಿಂದ ಈ ಹೂವಿಗೆ ಕೂತು ಬೀಜ ಬೆರಕೆಯಾಗುತ್ತದೆ. ತಪಾಸಣೆಗೆ ಬರುವವರು ಮೊದಲು ನೋಡುವುದೇ ಅದನ್ನು. ಜುಲೈಯಲ್ಲಿ ನಾನು ಹೊಲದ ಸುತ್ತ ನಡೆದು ನೋಡಿ, ಏನೂ ಇಲ್ಲ ಎಂದು ಬರೆದು ಸಹಿ ಮಾಡಿದ್ದೆ. ಮೂರು ದಿಕ್ಕು ನಡೆದಿದ್ದೆ. ನಾಲ್ಕನೇ ದಿಕ್ಕಿಗೆ ಊರಿನ ಶಾಲೆ ಇತ್ತು. ಶಾಲೆಯ ಹಿಂದೆ ಯಾರು ಮೆಣಸಿನಕಾಯಿ ಬೆಳೆಯುತ್ತಾರೆ ಎಂದು ಹೋಗಲಿಲ್ಲ. ಮಳೆ ಬರುವ ಹಾಗಿತ್ತು, ಬಸ್ಸಿನ ಹೊತ್ತಾಗಿತ್ತು.

ಶಾಲೆಯ ಹಿಂದೆ ಗಿಡ ಇದ್ದವು. ಸೆಪ್ಟೆಂಬರ್ ಮೊದಲ ವಾರ ನೀರು ಕುಡಿಯಲು ಹೋದಾಗ ಕಂಡೆ. ನೂರಕ್ಕೆ ಸ್ವಲ್ಪ ಹೆಚ್ಚು ಗಿಡ, ಮೊಣಕಾಲಿನಷ್ಟು ಎತ್ತರ, ಕಳೆ ಇಲ್ಲದೆ ಅಚ್ಚುಕಟ್ಟಾಗಿ ಬೆಳೆದಿದ್ದವು. ಅದು ಶಾಲೆಯ ಆಯಿಯ ಮಡಿ. ಶಾಲೆಯ ಕಸ ಗುಡಿಸಿ, ಗಂಟೆ ಹೊಡೆದು, ಕೊಡದಲ್ಲಿ ನೀರು ತುಂಬಿಡುವ ಮುದುಕಿ ಅವಳು. ಗೋಡೆಗೆ ಹಚ್ಚಿ ಒಂದು ತಗಡಿನ ಮಾಡು ಹಾಕಿಕೊಂಡು ಅಲ್ಲೇ ಇದ್ದಳು. ಹಿಂದಿನ ಜಾಗ ಶಾಲೆಯದು, ಆದರೆ ಎಷ್ಟೋ ವರ್ಷದಿಂದ ಅವಳೇ ಬೆಳೆ ತೆಗೆಯುತ್ತಿದ್ದಳು. ಯಾರೂ ಬೇಡವೆಂದಿರಲಿಲ್ಲ.

ಅವಳನ್ನು ನೇರವಾಗಿಯೇ ಕೇಳಿದೆ. ಈ ಗಿಡ ತೆಗೆದುಬಿಡು, ಏನು ಬೇಕೋ ಕೊಡಿಸುತ್ತೇನೆ ಎಂದೆ.

"ಯಾಕ ತೆಗೀಲೋ ತಮ್ಮಾ? ಏನ್ ಮಾಡ್ಯಾವ ನಿನಗ?"

ಕಾರಣ ಹೇಳಿದೆ. ಅವಳು ನೆಲಕ್ಕೆ ಕುಳಿತು ಪೂರ್ತಿ ಕೇಳಿಸಿಕೊಂಡಳು. ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಳು ಎನಿಸಿತು.

"ನಿನ್ನ ಮಾತು ಖರೇ ಐತಿ. ಹೋದ ವರ್ಷ ಕೇಳಿದ್ರ ತೆಗೀತಿದ್ದೆ, ಬರೂ ವರ್ಷ ಬೇಕಾರ ಹಚ್ಚೂದ ಇಲ್ಲ. ಈ ವರ್ಷ ಒಂದ ಬ್ಯಾಡಪ್ಪ. ಹೋದ ಸಲ ಕಾಯಿ ಒಣಗಿಸಿದಾಗ ಮಳಿ ಬಿತ್ತು, ಎಲ್ಲಾ ಬೂಷ್ಟು ಹಿಡದು ಹೋತು. ಗಡಿಗ್ಯಾಗ ಬೂದಿ ಕಲಸಿ ಇಟ್ಟ ಹಳೇ ಬೀಜ ಇತ್ತು, ಹಳೇದು ಹುಟ್ಟೂದ ಕಡಿಮಿ ಅಂತ ಎಲ್ಲಾ ಹಾಕಿಬಿಟ್ಟೆ. ಇಷ್ಟ ಎದ್ದಾವು. ಇವು ಹೋದ್ರ ನಮ್ಮತ್ತಿ ಕೊಟ್ಟ ಬೀಜ ಮುಗದಂಗ."

ಡಬ್ಬಿ ಕಾಯಿ ಎನ್ನುವ ಜಾತಿ ಅದು. ಗಿಡ್ಡಗೆ, ಹೊಟ್ಟೆ ದಪ್ಪಗೆ, ಒಣಗಿದರೆ ಸುಕ್ಕುಗಟ್ಟಿ ಕಡುಗೆಂಪಾಗುತ್ತದೆ. ಬ್ಯಾಡಗಿಯ ಸುತ್ತ ಎಲ್ಲರಲ್ಲೂ ಇತ್ತು, ಆದರೆ ಅವರವರ ಮನೆಯ ಬೀಜ ಅವರವರಿಗೆ. ಎರಡನೇ ಕೊಯ್ಲಿನಲ್ಲಿ ತಾವೇ ಆರಿಸಿ, ಅದರಲ್ಲಿ ಮತ್ತೆ ಆರಿಸಿ ಇಡುತ್ತಿದ್ದರು. ಅವಳು ಮದುವೆಯಾಗಿ ಬಂದಾಗ ಅತ್ತೆ ಸೆರಗಿಗೆ ಹಾಕಿದ್ದಂತೆ. ಅಂದಿನಿಂದ ವರ್ಷವೂ ಆರಿಸಿದ್ದಳು.

ಮ್ಯಾನೇಜರರ ಹತ್ತಿರ ಹೋಗಿ ತಪ್ಪಾಗಿದೆ, ನಾಲ್ಕನೇ ದಿಕ್ಕು ನೋಡದೆ ಸಹಿ ಮಾಡಿದೆ ಎಂದು ಹೇಳಬಹುದಿತ್ತು. ಹೇಳಿದರೆ ಹೊಲ ರದ್ದಾಗುತ್ತಿತ್ತು. ಆ ವರ್ಷ ಖಾಯಂ ಮಾಡುವವರ ಪಟ್ಟಿಯಲ್ಲಿ ನನ್ನ ಹೆಸರು ಇತ್ತು, ಅದೂ ಹೋಗುತ್ತಿತ್ತು. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಇದನ್ನು ನೆಪವಾಗಿ ಬರೆಯುತ್ತಿಲ್ಲ. ಆಗ ನನ್ನ ತಲೆಯಲ್ಲಿ ಇದ್ದದ್ದನ್ನು ಬರೆಯುತ್ತಿದ್ದೇನೆ.

ಗೋದಾಮಿನ ಆ ಸಭೆ ಮುಗಿದು ಹದಿನೈದು ದಿನವಾದರೂ ಜಾಗ ಗೊತ್ತು ಮಾಡಿರಲಿಲ್ಲ. ಒಂದು ಬೆಳಿಗ್ಗೆ ಸಾಹೇಬರು ಪಟ್ಟಿ ಕೇಳಿದರು. ಬ್ಯಾಡಗಿ ಕಡೆಯ ಆ ಹಳ್ಳಿಯ ಶಾಲೆ ಎಂದು ಬಾಯಿಗೆ ಬಂತು. ಹೇಳಿದ ಮೇಲೆ ಏನು ಹೇಳಿದೆನೆಂದು ನನಗೆ ತಿಳಿಯಿತು. ನಮ್ಮ ಬೀಜದ ಹೊಲ ಇರುವ ಊರು, ರೈತರಿಗೂ ಕಂಪನಿಯ ಬಗ್ಗೆ ಅಭಿಮಾನ ಬರುತ್ತದೆ ಎಂದು ಸೇರಿಸಿದೆ. ಸಾಹೇಬರಿಗೆ ಹಿಡಿಸಿತು.

ಆಮೇಲೆ ನಾನು ಮಾಡಿದಷ್ಟು ಒಳ್ಳೆಯ ಏರ್ಪಾಡನ್ನು ಆ ಕಂಪನಿಯಲ್ಲಿ ಮತ್ತೆ ಯಾರೂ ಮಾಡಲಿಲ್ಲ. ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಮೂರು ತಂಡ ಮಾಡಿದೆ. ಮೊದಲನೆಯದು ಆಫೀಸಿನವರದು, ಗೋಡೆಗೆ ಸುಣ್ಣ ಹಚ್ಚುವುದು. ಎರಡನೆಯದು ಗೋದಾಮಿನವರದು, ಮುಂದಿನ ಚರಂಡಿ ತೋಡಿ ಮೆಟ್ಟಿಲಿಗೆ ಕಲ್ಲು ಕೂಡಿಸುವುದು. ಮೂರನೆಯದು ಬೆರಕೆ ಕೀಳುವವರದು, ಶಾಲೆಯ ಹಿಂದಿನ ಜಾಗ ಸ್ವಚ್ಛ ಮಾಡುವುದು. ಸುಣ್ಣವನ್ನು ಹಿಂದಿನ ದಿನವೇ ನೆನೆಸಲು ಎರಡು ಡ್ರಮ್ಮು, ಪುಂಡಿನಾರಿನ ಕುಂಚ ಎಂಟು, ಸಲಿಕೆ, ಗುದ್ದಲಿ, ಬುಟ್ಟಿ, ಕುಡಿಯುವ ನೀರಿಗೆ ಎರಡು ಹಂಡೆ, ಗಾಯಕ್ಕೆ ಅರಿಷಿಣ ಮತ್ತು ಹತ್ತಿ. ಬೆಳಿಗ್ಗೆ ಮಂಡಕ್ಕಿ, ಮಿರ್ಚಿ, ಚಹಾ. ಮಧ್ಯಾಹ್ನದ ಊಟ ರಾಣೆಬೆನ್ನೂರಿನಿಂದ ಸಾಹೇಬರ ಜೀಪಿನಲ್ಲಿ. ಎಲ್ಲವನ್ನೂ ಬರೆದೆ. ಕೆಲಸ ಮಾಡುವಾಗ ಏನೂ ಅನಿಸುತ್ತಿರಲಿಲ್ಲ. ಬೀಜದ ಚೀಲಕ್ಕೆ ಚೀಟಿ ಹೊಲಿಯುವಾಗ ಇರುವ ಹಾಗೆ ಇತ್ತು.

ಶಾಲೆಯ ಹೆಡ್ ಮಾಸ್ತರರಿಗೆ ಸುಣ್ಣ ಬಿಟ್ಟಿ ಸಿಕ್ಕಿದ್ದೇ ದೊಡ್ಡದಾಗಿತ್ತು. ಹಿಂದಿನ ಜಾಗದ ಮಾತು ಬಂದಾಗ ಮಾತ್ರ ಅವರು ಕೇಳಿದರು.

"ಅಲ್ಲೆ ಆಯಿ ಮೆಣಸಿನಕಾಯಿ ಹಾಕ್ಯಾಳಲ್ರಿ. ಆಕೀಗ ಹೇಳೀರಿಲ್ಲೋ?"

"ಹೇಳೇನ್ರಿ ಸರ."

"ಒಪ್ಪಿದಳೇನು? ಭಾಳ ಗಟ್ಟಿ ಮುದುಕಿ ರೀ ಆಕಿ."

"ಒಪ್ಪ್ಯಾಳ್ರಿ," ಎಂದೆ. ಅವರು ಮತ್ತೇನೂ ಕೇಳಲಿಲ್ಲ.

ಅವಳು ಅಲ್ಲಿ ಇರಬಾರದಿತ್ತು. ಅದಕ್ಕೂ ಏರ್ಪಾಡು ಮಾಡಿದೆ. ದೇವರಗುಡ್ಡದ ಮೈಲಾರನಿಗೆ ಹರಕೆ ಹೊತ್ತು ಮೂರು ವರ್ಷವಾಯಿತು, ಬಸ್ಸು ಹತ್ತಿ ಇಳಿಯಲು ಕಾಲು ಬರುವುದಿಲ್ಲ ಎಂದು ಅವಳು ಯಾವಾಗಲೋ ಅಂದಿದ್ದಳು. ಸಾಮಾನು ಇಳಿಸಿದ ಜೀಪು ಊಟ ತರಲು ಹೇಗೂ ರಾಣೆಬೆನ್ನೂರಿಗೆ ಹೋಗಬೇಕು. ಅಲ್ಲಿಂದ ದೇವರಗುಡ್ಡ ದೂರವಿಲ್ಲ. ನಿನ್ನನ್ನು ಕರೆದುಕೊಂಡು ಹೋಗಿ ದರ್ಶನ ಮಾಡಿಸಿ, ಮಧ್ಯಾಹ್ನ ಸಾಹೇಬರ ಜೊತೆಗೇ ವಾಪಸು ತಂದು ಬಿಡುತ್ತಾರೆ ಎಂದು ಹೇಳಿದೆ.

"ನಾ ಗಿಡ ತೆಗೀಲಿಲ್ಲಂತ ನಿನಗ ಸಿಟ್ಟು ಬಂದಿರಬೇಕು ಅನ್ಕೊಂಡಿದ್ದೆ ತಮ್ಮಾ," ಎಂದಳು.

"ಇಲ್ಲ ಆಯೀ," ಎಂದೆ.

ಆ ದಿನ ಎಲ್ಲ ಹಾಳೆಯಲ್ಲಿ ಬರೆದ ಹಾಗೇ ನಡೆಯಿತು. ಬೆಳಿಗ್ಗೆ ಟೆಂಪೊದಲ್ಲಿ ಮೂವತ್ತು ಜನ ಬಂದರು. ಆಯಿ ತೊಳೆದ ಸೀರೆ ಉಟ್ಟು, ಕೈಯಲ್ಲಿ ತೆಂಗಿನಕಾಯಿಯ ಚೀಲ ಹಿಡಿದು ಜೀಪಿನ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಹೊರಡುವ ಮೊದಲು ಮಾಡಿನ ಹತ್ತಿರ ಇಟ್ಟಿದ್ದ ಕೊಡ ತೋರಿಸಿ, ಬಿಸಿಲು ಏರುವ ಮೊದಲು ಗಿಡಕ್ಕೆ ಒಂದೊಂದು ಚೊಂಬು ಹಾಕು ಎಂದು ನನಗೇ ಹೇಳಿ ಹೋದಳು. ಆಫೀಸಿನವರು ಒಬ್ಬರ ಮೈಮೇಲೆ ಒಬ್ಬರು ಸುಣ್ಣ ಸಿಡಿಸಿಕೊಂಡು ನಗುತ್ತಿದ್ದರು. ಬಿಸಿಲು ಆಗದ ಗುಮಾಸ್ತರು ತಲೆಗೆ ಟವೆಲ್ ಕಟ್ಟಿಕೊಂಡು ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದರು.

ಮೂರನೇ ತಂಡವನ್ನು ನಾನೇ ಹಿಂದಕ್ಕೆ ಕರೆದುಕೊಂಡು ಹೋದೆ. ಅಂಚಿನಲ್ಲಿ ಜಾಲಿಕಂಟಿ, ಪಾರ್ಥೇನಿಯಂ ಬೆಳೆದಿದ್ದವು. ಮೊದಲು ಅವನ್ನು ಕಡಿಸಿದೆ. ಆಮೇಲೆ ಇದನ್ನೂ ಸಾಫ್ ಮಾಡಿ ಎಂದು ಮಡಿ ತೋರಿಸಿದೆ. ಗಿಡಗಳಲ್ಲಿ ಅಲ್ಲಲ್ಲಿ ಬಿಳಿ ಹೂವು ಬಿಡಲು ಶುರುವಾಗಿತ್ತು.

ಕರ್ಜಗಿಯವನು ಕೈಯಲ್ಲಿದ್ದ ಕುಡಗೋಲನ್ನು ಕೆಳಗಿಟ್ಟ. "ಸರ, ಇವು ಮೆಣಸಿನಗಿಡ ಅದಾವಲ್ರಿ."

"ತಾವ ಹುಟ್ಟ್ಯಾವು. ಕೀಳ್ರಿ."

"ತಾವ ಹುಟ್ಟಿದ್ರ ಹಿಂಗ ಸಾಲು ಹಿಡದು ಹುಟ್ಟತಾವೇನ್ರಿ?"

ಉಳಿದ ಆಳುಗಳು ನಕ್ಕರು. ನಾನು ನಗಲಿಲ್ಲ. "ಹೆಡ್ ಮಾಸ್ತರ್ ಹೇಳ್ಯಾರ. ಈ ಜಾಗದಾಗ ಹುಡುಗ್ರು ಆಡಾಕ ಬಯಲು ಆಗಬೇಕಂತ," ಎಂದೆ. ಅವನು ಗಿಡದ ಕಡೆ ನೋಡಿದ, ದೂರದಲ್ಲಿ ಕಾಣುತ್ತಿದ್ದ ನಮ್ಮ ಬೀಜದ ಹೊಲದ ಕಡೆ ನೋಡಿದ. ಅವನಿಗೆ ದೂರ ಅಳೆಯಲು ಟೇಪು ಬೇಕಿರಲಿಲ್ಲ. ಆಮೇಲೆ ಬಗ್ಗಿ ಕೀಳಲು ಶುರು ಮಾಡಿದ.

ಅರ್ಧ ತಾಸೂ ಹಿಡಿಯಲಿಲ್ಲ. ಅಭ್ಯಾಸದ ಕೈ. ಎಳೆಯುವುದು, ಜಾಡಿಸುವುದು, ಮುರಿಯುವುದು. ಟಕ್ ಟಕ್ ಎಂದು ಕಾಂಡ ಮುರಿಯುವ ಸಪ್ಪಳ ನಾನು ಹೋಗಿ ನಿಂತ ಶಾಲೆಯ ಮುಂದಿನ ಕಟ್ಟೆಯವರೆಗೂ ಕೇಳುತ್ತಿತ್ತು. ಎಲ್ಲವನ್ನೂ ಕಸದ ಗುಂಡಿಗೆ ಹಾಕಿ, ಮೇಲೆ ಜಾಲಿಕಂಟಿ ಒಟ್ಟಿದರು. ನೆಲ ಸಮ ಮಾಡಿದರು. ನಾನು ಚಹಾ ಕುಡಿದೆ.

ಮಧ್ಯಾಹ್ನ ಒಂದು ಗಂಟೆಯ ಮೇಲೆ ಜೀಪು ಸಾಹೇಬರನ್ನೂ ಊಟವನ್ನೂ ಹೊತ್ತು ಬಂತು. ಆಯಿ ಇಳಿದು ನೇರವಾಗಿ ನನ್ನ ಹತ್ತಿರ ಬಂದಳು. ಹಣೆಯ ತುಂಬ ಭಂಡಾರ ಇತ್ತು. ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಅರಿಷಿಣ ತೆಗೆದು ನನ್ನ ಹಣೆಗೂ ಹಚ್ಚಿದಳು. "ನಿನ್ನ ಮಕ್ಕಳ ಹೆಸರಿಲೆ ಕಾಯಿ ಒಡಿಸೇನಿ," ಎಂದಳು. ಸುಣ್ಣ ಹಚ್ಚಿದ ಗೋಡೆ ನೋಡಿ ಚಂದ ಆಗೈತಿ ಎಂದಳು. ಆಮೇಲೆ ಚೀಲ ಇಡಲು ಹಿಂದಕ್ಕೆ ಹೋದಳು.

ಬಹಳ ಹೊತ್ತಾದರೂ ಅವಳು ಬರದಿದ್ದಾಗ ಮಾಸ್ತರರೇ ಹೋಗಿ ನೋಡಿದರು. ಅವರ ಹಿಂದೆ ನಾವೂ ಹೋದೆವು. ಅವಳು ಬರಿಗೈಯಲ್ಲಿ ಜಾಲಿಕಂಟಿ ಎಳೆದು ಗುಂಡಿಯಿಂದ ಗಿಡ ತೆಗೆಯುತ್ತಿದ್ದಳು. ಒಂದೊಂದನ್ನೇ ಎತ್ತಿ ಕಾಂಡ ನೋಡಿ, ಮುರಿದದ್ದನ್ನು ಪಕ್ಕಕ್ಕೆ ಇಡುತ್ತಿದ್ದಳು.

"ಏನ್ರೀ ಇದು? ಒಪ್ಪ್ಯಾಳ ಅಂದಿದ್ರಿ," ಎಂದು ಮಾಸ್ತರರು ನನ್ನ ಕಿವಿಯ ಹತ್ತಿರ ಅಂದರು.

"ಅಂಚಿನದು ಒಂದ ತೆಗೀರಿ ಅಂತ ಹೇಳಿದ್ದೆ ಸರ. ಇವರಿಗೆ ತಿಳಿಲಿಲ್ಲ," ಎಂದೆ. ಸಾಹೇಬರಿಗೂ ಕೇಳುವ ಹಾಗೆ ಅಂದೆ.

ಸಾಹೇಬರು ಕರ್ಜಗಿಯವನ ಕಡೆ ತಿರುಗಿದರು. "ಬೀಜದ ಕಂಪನ್ಯಾಗ ಇಷ್ಟ ವರ್ಷ ಇದ್ದು ಮೆಣಸಿನಗಿಡದ ಗುರ್ತು ಸಿಗೂದಿಲ್ಲೇನೋ ನಿನಗ?"

ಅವನು ನನ್ನನ್ನು ನೋಡಿದ. ನಾನು ಗುಂಡಿಯ ಕಡೆ ನೋಡಿದೆ. "ತಪ್ಪಾತ್ರಿ," ಎಂದು ಅವನು ಸಾಹೇಬರಿಗೆ ಹೇಳಿ, ಹೋಗಿ ಆಯಿಯ ಪಕ್ಕ ಕುಳಿತು ಗಿಡ ಆರಿಸಲು ಹತ್ತಿದ. ಮುರಿಯದ ಗಿಡ ಹನ್ನೊಂದು ಸಿಕ್ಕವು. ಯಾರ ಕೈ ಅವನ್ನು ಮುರಿಯದೆ ಬಿಟ್ಟಿತ್ತು ಎಂದು ನನಗೆ ಗೊತ್ತಿತ್ತು. ಇಬ್ಬರೂ ಸೇರಿ ಮಾಡಿನ ಪಕ್ಕ ಕೆಸರು ಮಾಡಿ ಹಚ್ಚಿದರು. ಉಳಿದವರು ಆಮೇಲೆ ಊಟಕ್ಕೆ ಕುಳಿತರು. ಅವನು ಊಟ ಮಾಡಲಿಲ್ಲ. ಫೋಟೊ ತೆಗೆಯುವಾಗಲೂ ಬರಲಿಲ್ಲ. ಆ ಸುಗ್ಗಿ ಮುಗಿದ ಮೇಲೆ ಕಂಪನಿಗೂ ಬರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

ತಿಂಗಳ ಮೇಲೆ, ತಪಾಸಣೆಗೆ ನಾಲ್ಕು ದಿನ ಇರುವಾಗ ಹೊಲ ನೋಡಲು ಹೋದೆ. ಶಾಲೆಗೂ ಹೋದೆ. ಹನ್ನೊಂದರಲ್ಲಿ ಎರಡು ಗಿಡ ಬದುಕಿದ್ದವು. ಹಳೆಯ ಎಲೆ ಉದುರಿ ಹೊಸ ಚಿಗುರು ಬಂದಿತ್ತು. ಬಿಸಿಲಿಗೆ ಅಡ್ಡ ಬುಟ್ಟಿ ಕವುಚಿದ್ದಳು. ಬುಟ್ಟಿ ಎತ್ತಿದೆ. ಒಂದೊಂದರಲ್ಲಿ ಐದಾರು ಹೂವು. ರಜೆಯ ದಿನ, ಮಕ್ಕಳಿರಲಿಲ್ಲ. ಅವಳು ನೀರು ತರಲು ಬಾವಿಗೆ ಹೋಗಿದ್ದಳು.

ನನ್ನ ಹೆಗಲ ಚೀಲದಲ್ಲಿ ತೆಳು ಬಟ್ಟೆಯ ಚೀಲಗಳಿದ್ದವು. ಬೇರೆ ಹೂವಿನ ಪರಾಗ ತಾಗದಂತೆ ಗಿಡಕ್ಕೆ ತೊಡಿಸುವ ಚೀಲ. ಅದನ್ನು ತೊಡಿಸಿ ಬುಡಕ್ಕೆ ದಾರ ಕಟ್ಟಿದರೆ ಒಳಗಿನ ಹೂವು ಒಳಗೇ ಕಾಯಿ ಕಟ್ಟುತ್ತದೆ, ಹೊರಗಿನ ಜೇನುನೊಣ ಮುಟ್ಟುವುದಿಲ್ಲ. ನಮ್ಮ ಹೊಲಕ್ಕೂ ಅಪಾಯವಿಲ್ಲ, ಅವಳ ಬೀಜವೂ ಉಳಿಯುತ್ತದೆ. ಎರಡು ಗಿಡಕ್ಕೆ ಎರಡು ಚೀಲ. ಆ ಕೆಲಸವನ್ನು ಬದುಕಿನಲ್ಲಿ ಸಾವಿರಾರು ಸಲ ಮಾಡಿದವನು ನಾನು. ಒಂದು ಚೀಲ ಕೈಗೂ ತೆಗೆದುಕೊಂಡೆ. ಆಗ ತಪಾಸಣೆಯವರು ಇಲ್ಲಿಗೆ ಬಂದು ಚೀಲ ಕಂಡರೆ ಏಕೆ, ಏನು ಎಂದು ಕೇಳುತ್ತಾರೆ, ಜುಲೈಯ ಸಹಿಯ ಮಾತು ಬರುತ್ತದೆ ಎನಿಸಿತು. ಚೀಲವನ್ನು ಮಡಚಿ ಒಳಗಿಟ್ಟು, ಎರಡೂ ಗಿಡವನ್ನು ಕಿತ್ತು, ಜಾಡಿಸಿ, ಮುರಿದೆ.

ಕೊಡ ಹೊತ್ತು ಬಂದವಳು ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು.

"ಮುಟುರು ರೋಗ ಬಿದ್ದಿತ್ತು ಆಯೀ. ಎಲಿ ಮುದುಡಿದ್ವು. ಇಟ್ಟಿದ್ರ ಬೀಜಕ್ಕೂ ಹತ್ತತಿತ್ತು," ಎಂದೆ.

ಚಿಗುರೆಲೆಗಳು ನನ್ನ ಮುಷ್ಟಿಯೊಳಗೆ ಇದ್ದವು. ಅವಳು ಕೈ ಬಿಚ್ಚಿಸಿ ನೋಡಲಿಲ್ಲ. ಕೊಡ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ತಿಳದವರು. ನನಗ ಕಣ್ಣು ಸಾಲೂದಿಲ್ಲ, ನಾ ಚಿಗುರ್ಯಾವ ಅನ್ಕೊಂಡಿದ್ದೆ," ಎಂದಳು. ಆಮೇಲೆ ನನಗೆ ಕುಡಿಯಲು ನೀರು ಕೊಟ್ಟಳು. ಕುಡಿದೆ.

ತಪಾಸಣೆಯಲ್ಲಿ ಹೊಲ ಪಾಸಾಯಿತು. ಯುಗಾದಿಯ ಹೊತ್ತಿಗೆ ನನ್ನ ನೌಕರಿ ಖಾಯಂ ಆಯಿತು. ಶ್ರಮದಾನದ ಫೋಟೊ ಮುಖ್ಯ ಕಚೇರಿಯಲ್ಲಿ ಮೆಚ್ಚುಗೆಯಾಯಿತೆಂದು ಪತ್ರ ಬಂತು. ಮುಂದಿನ ವರ್ಷದ ಏರ್ಪಾಡೂ ನನಗೇ ಬಂತು, ಅದರ ಮುಂದಿನದೂ ಬಂತು. ಕರ್ಜಗಿಯ ಶಾಲೆಯನ್ನು ನಾನು ಒಂದು ವರ್ಷವೂ ಹಾಳೆಯಲ್ಲಿ ಬರೆಯಲಿಲ್ಲ. ಅಲ್ಲಿಗೆ ಹೋದರೆ ಅವನನ್ನು ನೋಡಬೇಕಾಗುತ್ತಿತ್ತು.

ಅವನನ್ನು ನೋಡಿದ್ದು ಬಹಳ ವರ್ಷದ ಮೇಲೆ, ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ. ನಾನೇ ಹೋಗಿ ಮಾತಾಡಿಸಿ, ಅಂದು ನಿನ್ನ ಮೇಲೆ ಹಾಕಿದೆ, ತಪ್ಪು ನನ್ನದು ಎಂದೆ.

"ಅದು ನನಗ ಆವತ್ತ ಗೊತ್ತಿತ್ರಿ," ಎಂದ. "ಗೊತ್ತಿದ್ದ ಕಿತ್ತೇನಿ. ಎಷ್ಟೋ ಮುರದೇನಿ. ನಾ ನಿಮಗ ಏನಂತ ಹೇಳ್ಲಿ? ಆಕೀಗ ಹೇಳೀರೇನು?"

ಇಲ್ಲ ಎಂದೆ. ಅವನ ಬಸ್ಸು ಬಂತು, ಹತ್ತಿ ಹೋದ.

ಆಯಿಗೆ ಕಂಪನಿಯಿಂದ ಒಂದು ಪೊಟ್ಟಣ ಹೈಬ್ರಿಡ್ ಬೀಜ ಕೊಡಿಸಿದ್ದೆವು. ಶ್ರಮದಾನದ ವಾರದಲ್ಲೇ ಸಾಹೇಬರು ಕಳಿಸಿದ್ದರು. ನಮ್ಮ ಹೊಲ ಆ ಊರಿನಿಂದ ಬೇರೆ ಕಡೆಗೆ ಹೋದ ಮೇಲೆ ಅವಳು ಅದನ್ನು ಹಾಕಿದಳು. ಕಾಯಿ ಉದ್ದಗೆ, ನುಣ್ಣಗೆ ಬಂತು. ಹೈಬ್ರಿಡ್ಡಿನ ಕಾಯಿಯಿಂದ ಬೀಜ ಇಡಬಾರದು, ಮರುವರ್ಷ ಒಂದೊಂದು ಗಿಡ ಒಂದೊಂದು ತರ ಬರುತ್ತದೆ ಎಂದು ನಾವು ಎಲ್ಲರಿಗೂ ಹೇಳುತ್ತಿದ್ದೆವು. ಅವಳಿಗೂ ಹೇಳಿದೆ. ಅವಳು ಇಟ್ಟಳು. ಮರುವರ್ಷ ಹೇಳಿದ ಹಾಗೇ ಬಂತು. ಕೆಲವು ಗಿಡದಲ್ಲಿ ಉದ್ದ ಕಾಯಿ, ಕೆಲವುಗಳಲ್ಲಿ ಗಿಡ್ಡ, ಒಂದೆರಡರಲ್ಲಿ ಸ್ವಲ್ಪ ಹೊಟ್ಟೆ ದಪ್ಪ. ಹೊಟ್ಟೆ ದಪ್ಪನೆಯದನ್ನು ಆರಿಸಿ ಇಟ್ಟಳು. ಮರುವರ್ಷ ಅದರಲ್ಲಿ ಮತ್ತೆ ಆರಿಸಿದಳು.

ಆ ಕಡೆ ಹೋದಾಗಲೆಲ್ಲ ನನ್ನನ್ನು ಕರೆದು ಕಟ್ಟೆಯ ಮೇಲೆ ಕೂಡಿಸುತ್ತಿದ್ದಳು. ಅಂಗೈ ಮೇಲೆ ಎರಡೋ ಮೂರೋ ಒಣ ಕಾಯಿ ಇಟ್ಟು ತೋರಿಸುತ್ತಿದ್ದಳು. "ಇದು ನಮ್ಮದರಂಗ ಐತೇನು ನೋಡು ತಮ್ಮಾ. ನಿನಗ ಗೊತ್ತಾಕ್ಕೈತಿ." ಹೋದ ವರ್ಷಕ್ಕಿಂತ ಹತ್ತಿರ ಬಂದೈತಿ ಎಂದು ನಾನು ಹೇಳುತ್ತಿದ್ದೆ. ಅದು ಹತ್ತಿರವೂ ಬಂದಿರಲಿಲ್ಲ, ಬರುವುದೂ ಇರಲಿಲ್ಲ. ಇಲ್ಲದ ಜಾತಿಯನ್ನು ಆರಿಸಿ ತರಲು ಬರುವುದಿಲ್ಲ ಎಂಬುದು ನಮ್ಮ ಕೆಲಸದಲ್ಲಿ ಮೊದಲ ದಿನ ಕಲಿಯುವ ಪಾಠ.

ಕೊನೆಯ ಸಲ ನೋಡಿದಾಗ ಅವಳು ಶಾಲೆ ಬಿಟ್ಟು ಮಗಳ ಊರಿಗೆ ಹೊರಟಿದ್ದಳು. ಕಣ್ಣು ಪೂರ್ತಿ ಹೋಗಿತ್ತು. ಗಂಟು ಕಟ್ಟಿಟ್ಟು, ಬಸ್ಸಿಗೆ ಕಾಯುತ್ತ ಕುಳಿತಿದ್ದಳು. ನನ್ನ ದನಿ ಗುರುತು ಹಿಡಿದು, ಮಡಿಲಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಕೈಗೆ ಕೊಟ್ಟಳು. ಒಳಗೆ ಹತ್ತು ಹನ್ನೆರಡು ಕಾಯಿ ಇದ್ದವು.

"ನಾ ಮುಟ್ಟಿ ನೋಡಿ ಆರಸೇನಿ. ಮಗಳ ಹಿತ್ತಲದಾಗ ಹಾಕಸಬೇಕು. ಮೊಮ್ಮಗಳಿಗೆ ಇದು ನಮ್ಮತ್ತಿ ಕೊಟ್ಟ ಬೀಜ ಅಂತ ಹೇಳಾಕ ಬೇಕಲ್ಲ. ಈಗರೆ ಖರೇ ಹೇಳು ತಮ್ಮಾ, ಇದು ನಮ್ಮದ ಹೌದಲ್ಲ?"

ಒಂದು ಕಾಯಿ ಮುರಿದು ಬೀಜ ನೋಡಿದೆ. ಬೆಳಕಿಗೆ ಹಿಡಿದು ತೊಗಲು ನೋಡಿದೆ. ಅವಳದಲ್ಲ. ಹೇಳಬೇಕಾದದ್ದೆಲ್ಲ ಬಾಯಿಯವರೆಗೆ ಬಂದಿತ್ತು. ನಾಲ್ಕನೇ ದಿಕ್ಕು, ಮೂರನೇ ತಂಡ, ಬುಟ್ಟಿಯ ಕೆಳಗಿನ ಎರಡು ಗಿಡ. ಅವಳು ಮುಖ ಎತ್ತಿ ಕಾಯುತ್ತಿದ್ದಳು.

"ಹೌದು ಆಯೀ, ಇದ," ಎಂದೆ.

ಅವಳು ಗಂಟನ್ನು ವಾಪಸು ತೆಗೆದುಕೊಂಡು ಸೆರಗಿನ ಒಳಗೆ ಇಟ್ಟುಕೊಂಡಳು. ಮುರಿದ ಕಾಯಿಯ ಬೀಜವನ್ನೂ ನನ್ನ ಅಂಗೈಯಿಂದ ಬೆರಳಲ್ಲಿ ತಡವಿ ಒಂದೊಂದಾಗಿ ಎತ್ತಿಕೊಂಡಳು.